ಮೂವತ್ತು ಗಣಕಗಳಿಗೆ ಒಂದೇ ಆಜ್ಞೆ: ‘ಪ್ರವೇಶವಿಲ್ಲ’ ಎಂದಾಗ ಏನು ಮಾಡಬೇಕು?

ನಿಡಸೋಸಿಯಲ್ಲಿ 1996ರಲ್ಲಿ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯ ಆರಂಭವಾದ ಮೇಲೆ ನಮ್ಮ ಸುತ್ತಿನ ಹಳ್ಳಿಗಳ ಮಕ್ಕಳಿಗೆ ಎಂಜಿನಿಯರಿಂಗ್ ಓದು ಮನೆ ಬಾಗಿಲಿಗೇ ಬಂತು. ಮಕ್ಕಳು ಕಂಪ್ಯೂಟರ್ ಲ್ಯಾಬಿನಲ್ಲಿ ಏನು ಮಾಡುತ್ತಾರೆ ಎಂದು ಅನೇಕ ಪಾಲಕರು ಕೇಳುತ್ತಾರೆ. ಯಾವ ಲ್ಯಾಬಿನಲ್ಲಾದರೂ ಎದುರಾಗುವ ಒಂದು ತೊಡಕನ್ನು ಈ ವಾರ ನೋಡೋಣ.

ಒಂದು ಲ್ಯಾಬಿನಲ್ಲಿ ಮೂವತ್ತು ಗಣಕಯಂತ್ರಗಳಿವೆ ಎನ್ನಿ. ಪರೀಕ್ಷೆಗೆ ಮುನ್ನ ಎಲ್ಲದರಿಂದಲೂ ಹಳೆಯ ಕಡತಗಳನ್ನು ಅಳಿಸಬೇಕಾಗಿದೆ. ಒಂದೊಂದರ ಮುಂದೆ ಕುಳಿತರೆ ದಿನ ಸಾಲದು. ಆದ್ದರಿಂದ ಆಜ್ಞೆಗಳನ್ನು ಒಂದೆಡೆ ಬರೆದು, ಒಂದೇ ಗಣಕದಿಂದ ಜಾಲದ ಮೂಲಕ ಎಲ್ಲಕ್ಕೂ ಕಳುಹಿಸುತ್ತಾರೆ. ಈ ಆಜ್ಞೆಗಳ ಪಟ್ಟಿಗೆ ಸ್ಕ್ರಿಪ್ಟ್ ಎಂದು ಹೆಸರು. ವಿಂಡೋಸ್ ಗಣಕಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು 2006ರಲ್ಲಿ ಬಂದ ಪವರ್‌ಶೆಲ್. ಇಪ್ಪತ್ತೇಳು ಗಣಕಗಳು ಆಜ್ಞೆ ಪಾಲಿಸುತ್ತವೆ. ಮೂರು ಮಾತ್ರ ‘ಆಕ್ಸೆಸ್ ಈಸ್ ಡಿನೈಡ್’ ಎನ್ನುತ್ತವೆ. ಈಗೇನು?

ಮೊದಲು ಸಂದೇಶವನ್ನು ಪೂರ್ತಿ ಓದಿ. ‘ಸರ್ವರ್ ಸಿಗುತ್ತಿಲ್ಲ’ ಎಂಬ ಅರ್ಥದ ಉತ್ತರ ಬಂದರೆ ನೀವು ಆ ಗಣಕವನ್ನು ಮುಟ್ಟಿಯೇ ಇಲ್ಲ. ಅದು ಬಂದ್ ಇರಬಹುದು, ಹೆಸರು ತಪ್ಪಿರಬಹುದು, ಫೈರ್‌ವಾಲ್ ತಡೆದಿರಬಹುದು. ‘ಡಿನೈಡ್’ ಎಂದರೆ ಬಾಗಿಲವರೆಗೆ ಹೋಗಿದ್ದೀರಿ, ಒಳಗಿನವರು ಬಿಡಲಿಲ್ಲ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಎರಡನೆಯದಾಗಿ ಎಣಿಸಿ. ಮೂವತ್ತೂ ಗಣಕಗಳು ನಿರಾಕರಿಸಿದರೆ ದೋಷ ಬಹುಶಃ ಕಳುಹಿಸುವವರ ಖಾತೆಯಲ್ಲಿದೆ. ಮೂರೇ ನಿರಾಕರಿಸಿದರೆ ಆ ಮೂರರಲ್ಲಿ ಹುಡುಕಬೇಕು. ಕೆಲಸ ಮಾಡುವ ಒಂದನ್ನೂ ಮಾಡದ ಒಂದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ವಿಜ್ಞಾನದ ಪ್ರಯೋಗದಲ್ಲಿ ಕಲಿಯುವ ನಿಯಮವೇ ಇದು.

ಸಾಮಾನ್ಯ ಕಾರಣಗಳು ನಾಲ್ಕು. ಒಂದು, ಖಾತೆ. ಡೊಮೇನ್ ಎಂಬ ಕೇಂದ್ರ ವ್ಯವಸ್ಥೆಗೆ ಸೇರದ ಗಣಕಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಬಳಕೆದಾರರ ಪಟ್ಟಿ ಇರುತ್ತದೆ; ಒಂದು ಗಣಕದ ಖಾತೆ ಪಕ್ಕದ ಗಣಕಕ್ಕೆ ಗೊತ್ತಿರುವುದಿಲ್ಲ. ಎರಡು, ಅಧಿಕಾರದ ಕಡಿತ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ, ಆಯಾ ಗಣಕದಲ್ಲೇ ತೆರೆದ ನಿರ್ವಾಹಕ ಖಾತೆಯಿಂದ ಜಾಲದ ಮೂಲಕ ಬಂದವರಿಗೆ ಸಾಮಾನ್ಯವಾಗಿ ಪೂರ್ಣ ಅಧಿಕಾರ ಸಿಗುವುದಿಲ್ಲ. ಎದುರು ಕುಳಿತಾಗ ಆಗುವ ಕೆಲಸ ದೂರದಿಂದ ಆಗದಿರುವುದು ಇದರಿಂದಲೇ. ಮೂರು, ಗಡಿಯಾರ. ಡೊಮೇನ್‌ನಲ್ಲಿ ಗುರುತು ಪರೀಕ್ಷಿಸುವ ಕರ್ಬೆರೋಸ್ ಪದ್ಧತಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಮದರ್‌ಬೋರ್ಡಿನ 3 ವೋಲ್ಟ್ ಬಿಲ್ಲೆ ಬ್ಯಾಟರಿ ಸತ್ತರೆ, ಕರೆಂಟ್ ಹೋಗಿ ಬಂದಾಗ ತಾರೀಖೇ ತಪ್ಪಿರುತ್ತದೆ. ನಾಲ್ಕು, ಎರಡನೆಯ ಜಿಗಿತ. ನಿಮ್ಮ ಆಜ್ಞೆ ಒಂದು ಗಣಕವನ್ನು ಸೇರಿ, ಅಲ್ಲಿಂದ ಮೂರನೆಯದರಲ್ಲಿರುವ ಕಡತವನ್ನು ಕೇಳಿದರೆ ನಿಮ್ಮ ಗುರುತಿನ ಚೀಟಿ ಅಲ್ಲಿಯವರೆಗೆ ಹೋಗುವುದಿಲ್ಲ. ಬೇಕಾದ ಕಡತವನ್ನು ಮೊದಲೇ ನಕಲು ಮಾಡಿಡುವುದು ಸುಲಭೋಪಾಯ.

ಬೇಸತ್ತವರು ಅಡ್ಡದಾರಿ ಹಿಡಿಯುವುದು ಇಲ್ಲೇ: ಫೈರ್‌ವಾಲ್ ತೆಗೆದುಬಿಡುವುದು, ಎಲ್ಲ ಗಣಕಗಳಿಗೂ ಒಂದೇ ನಿರ್ವಾಹಕ ಪಾಸ್‌ವರ್ಡ್ ಇಡುವುದು. ಕೆಲಸವೇನೋ ಆಗುತ್ತದೆ. ಆದರೆ 2017ರ ಜೂನ್ 27ರಂದು ಉಕ್ರೇನಿನಿಂದ ಹರಡಿದ ‘ನಾಟ್‌ಪೆಟ್ಯಾ’ ಎಂಬ ದುಷ್ಟ ತಂತ್ರಾಂಶವನ್ನು ನೆನೆಯಿರಿ. ಅದು ಒಂದು ಗಣಕದ ನೆನಪಿನಿಂದ ಪಾಸ್‌ವರ್ಡ್ ಕದ್ದು, ನಿರ್ವಾಹಕರು ಬಳಸುವ ಪಿಎಸ್‌ಎಕ್ಸೆಕ್, ಡಬ್ಲ್ಯೂಎಂಐ ಎಂಬ ಸಾಧನಗಳಿಂದಲೇ ಮುಂದಿನ ಗಣಕಗಳಿಗೆ ನುಗ್ಗಿತು. ಹಡಗು ಸಾಗಣೆಯ ಮೇರ್ಸ್ಕ್ ಸಂಸ್ಥೆ ಸುಮಾರು 45,000 ಗಣಕಗಳನ್ನು ಮತ್ತೆ ಸಜ್ಜುಗೊಳಿಸಬೇಕಾಯಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲಿನ ಕೆಲಸವೂ ನಿಂತಿತು. ‘ಪ್ರವೇಶವಿಲ್ಲ’ ಎನ್ನುವ ಬಾಗಿಲುಗಳು ಇರಬೇಕಾದದ್ದು ಇಂಥ ದಿನಕ್ಕಾಗಿ.

ಸರಿಯಾದ ದಾರಿ ಸ್ವಲ್ಪ ನಿಧಾನದ್ದು. ಲ್ಯಾಬಿನ ಗಣಕಗಳನ್ನು ಡೊಮೇನ್‌ಗೆ ಸೇರಿಸಿ, ಆ ಕೆಲಸಕ್ಕಷ್ಟೇ ಸಾಲುವ ಪ್ರತ್ಯೇಕ ಖಾತೆ ಮಾಡಿ. ಸ್ಥಳೀಯ ನಿರ್ವಾಹಕನ ಪಾಸ್‌ವರ್ಡ್ ಪ್ರತಿ ಗಣಕಕ್ಕೂ ಬೇರೆಯಿರಲಿ. ಇದನ್ನು ತಾನಾಗಿ ನಿರ್ವಹಿಸುವ ಲ್ಯಾಪ್ಸ್ ಎಂಬ ಸಾಧನವನ್ನು ಮೈಕ್ರೋಸಾಫ್ಟ್ 2015ರಲ್ಲೇ ಉಚಿತವಾಗಿ ಕೊಟ್ಟಿದೆ. ಯಾವ ಗಣಕ ಏನು ಉತ್ತರಿಸಿತು ಎಂಬುದನ್ನು ಸ್ಕ್ರಿಪ್ಟ್ ತಾನೇ ಬರೆದಿಡುವಂತಿರಲಿ. ಮೊದಲು ಒಂದು ಗಣಕ, ಆಮೇಲೆ ಮೂರು, ಕೊನೆಗೆ ಮೂವತ್ತು.

ಪಾಲಕರಿಗೊಂದು ಮಾತು: ಮನೆಯ ಗಣಕದಲ್ಲೂ ಮಕ್ಕಳ ದಿನನಿತ್ಯದ ಓದಿಗೆ ಸಾಮಾನ್ಯ ಖಾತೆ ಮಾಡಿಕೊಡಿ, ನಿರ್ವಾಹಕ ಖಾತೆಯ ಪಾಸ್‌ವರ್ಡ್ ನಿಮ್ಮ ಬಳಿ ಇರಲಿ. ಗಣಕ ಅನುಮತಿ ಕೇಳಿದಾಗ ಮಗ ಅಥವಾ ಮಗಳು ನಿಮ್ಮನ್ನು ಕರೆಯಲಿ. ಏಕೆ ಕೇಳುತ್ತಿದೆ ಎಂದು ಇಬ್ಬರೂ ಕುಳಿತು ಓದಿ, ಆಮೇಲೆ ಒಪ್ಪಿಗೆ ಕೊಡಿ.