14 ದಿನಗಳ ಗಡುವು

ನ್ಯಾಯಾಲಯದಲ್ಲಿ ಬದುಕು ಕಟ್ಟಿಕೊಂಡವರಿಗೆ ದಿನಗಳನ್ನು ಎಣಿಸುವ ಅಭ್ಯಾಸ ಬೇಗನೆ ಅಂಟಿಕೊಳ್ಳುತ್ತದೆ. ಸಿವಿಲ್ ದಾವೆಯ ತೀರ್ಪಿನ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಉಚ್ಚ ನ್ಯಾಯಾಲಯಕ್ಕಾದರೆ 90 ದಿನ. ಗಡುವು ಮೀರಿದರೂ ಕಾಲಮಿತಿ ಅಧಿನಿಯಮದ 5ನೆಯ ಕಲಮಿನಡಿ ವಿಳಂಬವನ್ನು ಮನ್ನಿಸಿರೆಂದು ಕೇಳಿಕೊಳ್ಳುವ ದಾರಿಯೊಂದು ಉಳಿದಿರುತ್ತದೆ. ವೈದ್ಯಶಾಸ್ತ್ರದಲ್ಲಿಯೂ ಇಂತಹ ಒಂದು ಗಡುವಿದೆ. ಮಗುವಿನ ಭೇದಿ 14 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಸಾಮಾನ್ಯ ಅತಿಸಾರದ ಸಾಲಿನಿಂದ ತೆಗೆದು ನಿರಂತರ ಅತಿಸಾರವೆಂಬ ಬೇರೆ ಸಾಲಿನಲ್ಲಿ ಇರಿಸುತ್ತದೆ. ಇಲ್ಲಿ ವಿಳಂಬವನ್ನು ಮನ್ನಿಸುವ ಕಲಮಿಲ್ಲ.

ಭೂಮಿಯ ಪಟ್ಟೆ, ಪಾಲುಪಟ್ಟಿ, ವಾರಸು ಪ್ರಮಾಣಪತ್ರಗಳ ಬಗೆಗೆ ಬರೆಯುವ ವಕೀಲನಿಗೆ ಹಸುಗೂಸಿನ ಹೊಟ್ಟೆಯ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಈ ಕಾಯಿಲೆಯ ಸುತ್ತ ಕಾನೂನೂ ಇದೆ, ನಮ್ಮ ಗಡಿನಾಡಿನ ಭಾಷೆಯ ಪ್ರಶ್ನೆಯೂ ಇದೆ. ವೈದ್ಯಕೀಯದ ಮಾತುಗಳನ್ನು ಸರಕಾರದ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳಲ್ಲಿ ಇರುವಷ್ಟೇ ಹೇಳುತ್ತೇನೆ. ಮಗುವನ್ನು ಕಂಡು ತೀರ್ಮಾನಿಸುವವರು ವೈದ್ಯರೇ.

ಮೊದಲಿಗೆ, ಯಾವುದು ಭೇದಿಯಲ್ಲ ಎಂಬುದು. ತಾಯಿಯ ಹಾಲನ್ನೇ ಕುಡಿಯುವ ಕೂಸು ದಿನಕ್ಕೆ ಹಲವು ಬಾರಿ ಹಳದಿಯಾದ ಮೆತ್ತಗಿನ ಮಲ ವಿಸರ್ಜಿಸುವುದುಂಟು. ಅದು ಲವಲವಿಕೆಯಿಂದಿದ್ದು ತೂಕವೂ ಏರುತ್ತಿದ್ದರೆ ರೋಗವಲ್ಲ. ರೂಢಿಗಿಂತ ಹೆಚ್ಚಾಗಿ, ನೀರುನೀರಾಗಿ, ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ಆದಾಗ ಮಾತ್ರ ಅದು ಭೇದಿ. ‘ಹಲ್ಲು ಬರುವ ಕಾಲ, ಭೇದಿ ಆಗಿಯೇ ಆಗುತ್ತದೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಹಳೆಯದೋ ಅಷ್ಟೇ ಅಪಾಯದ್ದು. ಹಲ್ಲು ಮೂಡುವ ವಯಸ್ಸಿನಲ್ಲಿ ಮಗು ನೆಲದ ಮೇಲೆ ಹರಿದಾಡಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಅದೇ ಸಮಯಕ್ಕೆ ಹೊರಗಿನ ಆಹಾರವೂ ಆರಂಭವಾಗಿರುತ್ತದೆ. ಭೇದಿಯ ಮೂಲವನ್ನು ಅಲ್ಲಿ ಹುಡುಕಬೇಕೇ ಹೊರತು ಹಲ್ಲಿನಲ್ಲಲ್ಲ.

ಭೇದಿಯಾದ ಮಗುವಿನ ಪ್ರಾಣಕ್ಕೆ ಮೊದಲ ಅಪಾಯ ಬರುವುದು ದೇಹದ ನೀರೂ ಲವಣವೂ ಸೋರಿಹೋಗುವುದರಿಂದ. ಅದಕ್ಕೆ ಪರಿಹಾರ ಓಆರ್‌ಎಸ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂದು ನೆಲಸಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಸಾವಿನ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿದರು. ಅವರಿಗೆ ಪದ್ಮವಿಭೂಷಣ ಸಂದದ್ದು ಮರಣೋತ್ತರವಾಗಿ, 2023ರಲ್ಲಿ. ಇಂದು ಬಳಕೆಯಲ್ಲಿರುವ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಸೇರಬೇಕು. ಈ ಅಂಕಿಗಳನ್ನು ಬೇಕೆಂದೇ ಇಲ್ಲಿ ಬರೆದಿದ್ದೇನೆ. ಮುಂದೆ ಇವುಗಳ ಕೆಲಸವಿದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣವನ್ನು ಒಮ್ಮೆಲೇ ಹಾಕಬೇಕು. ಅರ್ಧ ಪೊಟ್ಟಣವನ್ನು ಅಂದಾಜಿಗೆ ಒಂದು ಲೋಟಕ್ಕೆ ಬೆರೆಸುವುದು ಸಲ್ಲದು. ಕಲಸಿದ್ದನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಚಮಚದಲ್ಲಿ, ಆತುರವಿಲ್ಲದೆ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಮುಂದುವರಿಸಬೇಕು.

ಓಆರ್‌ಎಸ್‌ನ ಜತೆಗೆ ಸತುವಿನ ಮಾತ್ರೆ: ಎರಡರಿಂದ ಆರು ತಿಂಗಳವರೆಗಿನ ಶಿಶುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ ಮಗುವಿಗೆ 20 ಮಿಲಿಗ್ರಾಂ. ಚಿಕ್ಕ ಶಿಶುವಿಗಾದರೆ ತಾಯಿಯ ಹಾಲಿನಲ್ಲಿಯೇ ಕರಗಿಸಿ ಕೊಡಬಹುದು. ಭೇದಿ ಮೂರನೆಯ ದಿನಕ್ಕೆ ನಿಂತರೂ ಮಾತ್ರೆಯನ್ನು 14 ದಿನ ಪೂರ್ತಿಗೊಳಿಸಬೇಕು. ಬಹಳಷ್ಟು ಮನೆಗಳಲ್ಲಿ ನಾಲ್ಕನೆಯ ದಿನಕ್ಕೇ ಈ ಮಾತ್ರೆ ಕಪಾಟಿನ ಮೂಲೆ ಸೇರುತ್ತದೆ. ಕರುಳಿನ ಒಳಪದರ ದುರಸ್ತಿಯಾಗಲು ಸತು ಬೇಕಾಗುವುದೇ ಆ ಮೇಲಿನ ದಿನಗಳಲ್ಲಿ.

ಇಷ್ಟಾದರೂ ಭೇದಿ ಎರಡು ವಾರ ದಾಟಿತೆನ್ನಿ. ಆಗ ಪ್ರಶ್ನೆಯೇ ಬದಲಾಗುತ್ತದೆ. ಕರುಳಿನ ಒಳಪದರ ಹಾಳಾಗಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ತಾತ್ಕಾಲಿಕವಾಗಿ ಕುಂದಿರಬಹುದು. ದನದ ಹಾಲಿನ ಪ್ರೋಟೀನು ಒಗ್ಗದಿರಬಹುದು. ಜಿಯಾರ್ಡಿಯದಂತಹ ಪರೋಪಜೀವಿ ಸೇರಿರಬಹುದು. ಮೂತ್ರದ ಸೋಂಕೋ ಕಿವಿಯ ಸೋಂಕೋ ಒಳಗೊಳಗೇ ಇರಬಹುದು. ಅನಗತ್ಯವಾಗಿ ಕೊಟ್ಟ ಆಂಟಿಬಯೋಟಿಕ್ಕೇ ಕಾರಣವಾಗಿರಬಹುದು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಒಂದು ವಿಷವರ್ತುಲ. ಭೇದಿಯಿಂದ ಮಗು ಸೊರಗುತ್ತದೆ, ಸೊರಗಿದ ಮಗುವಿನ ಕರುಳು ಚೇತರಿಸುವುದಿಲ್ಲ, ಚೇತರಿಸದ ಕರುಳಿನಿಂದ ಮತ್ತೆ ಭೇದಿ. ಈ ವರ್ತುಲವನ್ನು ನಾವೇ ಕೈಯಾರೆ ಬಿಗಿಗೊಳಿಸುವುದು ‘ಹೊಟ್ಟೆಗೆ ರಜೆ ಕೊಡೋಣ’ ಎಂದು ಮಗುವಿಗೆ ತೆಳುವಾದ ಗಂಜಿತಿಳಿಯನ್ನಷ್ಟೇ ಕುಡಿಸಿ ದಿನ ದೂಡುವುದರಿಂದ. ನಿರಂತರ ಅತಿಸಾರದಲ್ಲಿ ಆಹಾರವೇ ಮುಖ್ಯ ಔಷಧ. ತಾಯಿಯ ಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ಹಿಂದಿಗಿಂತ ಹೆಚ್ಚು ಬಾರಿ ಕೊಡಬೇಕು. ಆರು ತಿಂಗಳು ದಾಟಿದ ಮಗುವಾದರೆ ದನದ ಹಾಲನ್ನು ತಗ್ಗಿಸಿ, ಅನ್ನ ಮತ್ತು ಬೇಳೆಯನ್ನು ಮೆತ್ತಗೆ ಬೇಯಿಸಿ ಹಿಸುಕಿ, ಒಂದಿಷ್ಟು ತೆಂಗಿನೆಣ್ಣೆ ಬೆರೆಸಿ, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಆರು ಬಾರಿ ಉಣಿಸಬಹುದು. ಬಾಳೆಹಣ್ಣು, ಹುಳಿಯಿಲ್ಲದ ಮೊಸರು ಒಗ್ಗುವ ಮಕ್ಕಳೂ ಹಲವರು. ಹಾಲುಬಾಟಲಿಯನ್ನಂತೂ ಮನೆಯಿಂದಲೇ ಹೊರಹಾಕಬೇಕು. ಅದರ ನಿಪ್ಪಲಿನೊಳಗಿನ ಕೊಳೆಯನ್ನು ಪೂರ್ಣವಾಗಿ ತೊಳೆಯುವುದು ಕಷ್ಟ, ಲೋಟ ಮತ್ತು ಚಮಚ ಸಾಕು. ಹಾಲುಬಾಟಲಿ ಹಾಗೂ ಶಿಶುಹಾಲಿನ ಹುಡಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಅಧಿನಿಯಮವೇ ನಿಷೇಧಿಸಿದೆ ಎಂಬುದು ಅಂಗಡಿಯವರಿಗೂ ನೆನಪಿದ್ದಂತಿಲ್ಲ. ಭೇದಿಯನ್ನು ಕಟ್ಟಿಹಾಕುವ ದೊಡ್ಡವರ ಮಾತ್ರೆಗಳನ್ನು ಶಿಶುವಿಗೆ ತುಂಡುಮಾಡಿ ಕೊಡುವುದು ಪ್ರಾಣಾಂತಿಕವಾಗಬಲ್ಲದು.

ಮಲದಲ್ಲಿ ರಕ್ತ, ಒಳಗಿಳಿದ ಕಣ್ಣು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಮರಳುವುದು, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಕುಡಿಯಲಾರದೆ ಮಂಕಾಗಿ ಮಲಗುವುದು, ಕುಡಿದದ್ದನ್ನೆಲ್ಲ ಕಕ್ಕುವುದು, ತೂಕ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ 14ನೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳೂ ತುಂಬದ ಕೂಸಾದರೆ ಮೊದಲ ದಿನವೇ.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಕೆಲಕಾಲದ ಹಿಂದೆ ಪಾಲುಪಟ್ಟಿಯ ವಿಚಾರಕ್ಕೆ ನನ್ನ ಕಚೇರಿಗೆ ಬಂದಿದ್ದ ವೃದ್ಧೆಯೊಬ್ಬರ ಚೀಲದಲ್ಲಿ ಬಣ್ಣಬಣ್ಣದ ಪೆಟ್ಟಿಗೆಯೊಂದು ಕಂಡಿತು. ‘ಪುಳ್ಳಿಗೆ ಎರಡು ವಾರದಿಂದ ಭೇದಿ ವಕೀಲರೇ, ಓಆರ್‌ಎಸ್ ಕೊಡಿ ಎಂದು ಕೇಳಿದೆ, ಅಂಗಡಿಯವನು ಇದನ್ನು ಕೊಟ್ಟ. ಕುಡಿದಷ್ಟೂ ಹೆಚ್ಚಾಗುತ್ತಿದೆ’ ಎಂದರು. ಪೆಟ್ಟಿಗೆಯ ಮೇಲೆ ಆ ಮೂರು ಅಕ್ಷರಗಳು ದೊಡ್ಡದಾಗಿಯೇ ಇದ್ದವು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಅಲ್ಲ ಎಂಬ ವಾಕ್ಯವೂ ಇತ್ತು, ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ. ಸಕ್ಕರೆಯ ಅಂಶ ಮೇಲೆ ಹೇಳಿದ 13.5 ಗ್ರಾಮಿನ ಹಲವು ಪಟ್ಟು. ಕರುಳಿನಲ್ಲಿ ಸಕ್ಕರೆ ಮಿತಿಮೀರಿದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಪಾಲುಪಟ್ಟಿಯನ್ನು ಬದಿಗಿಟ್ಟು ಮಗುವನ್ನು ಆ ಮಧ್ಯಾಹ್ನವೇ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿದೆವು.

ಈ ಮೋಸದ ಕಾನೂನು ಚರಿತ್ರೆ ವಿಚಿತ್ರವಾಗಿದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2022ರ ಏಪ್ರಿಲಿನಲ್ಲಿ ಇಂತಹ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವನ್ನು ತಡೆಯಿತು; ಮೂರೇ ತಿಂಗಳಲ್ಲಿ, ಜುಲೈಯಲ್ಲಿ, ಮೇಲೆ ಹೇಳಿದ ಎಚ್ಚರಿಕೆಯ ಒಂದು ವಾಕ್ಯ ಮುದ್ರಿಸಿದರೆ ಸಾಕೆಂದು ಸಡಿಲಿಸಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರವು ಆ ಸಡಿಲಿಕೆಯನ್ನು ಹಿಂತೆಗೆದುಕೊಂಡಿತು. ಇಂದು ಸೂತ್ರಕ್ಕೆ ಹೊಂದದ ಯಾವ ಪಾನೀಯವೂ ಹೆಸರಿನ ಹಿಂದಾಗಲಿ ಮುಂದಾಗಲಿ ಓಆರ್‌ಎಸ್ ಎಂದು ಬರೆದುಕೊಳ್ಳುವಂತಿಲ್ಲ. ಆದರೆ ಹೆಸರು ಹೋದ ಮಾತ್ರಕ್ಕೆ ಪೆಟ್ಟಿಗೆಯ ಬಣ್ಣ, ಕಪಾಟಿನ ಜಾಗ, ಅಂಗಡಿಯವನ ಬಾಯಿಮಾತು ಬದಲಾಗುವುದಿಲ್ಲ. ಆದ್ದರಿಂದ ಹುಡಿಯ ಪೊಟ್ಟಣವನ್ನೇ ಕೇಳಿ ಪಡೆಯಿರಿ, ಮೇಲೆ ಬರೆದ ನಾಲ್ಕು ಅಂಕಿಗಳನ್ನು ಹೋಲಿಸಿ ನೋಡಿರಿ, ಬಿಲ್ಲನ್ನು ಕೇಳಿರಿ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಆಯೋಗದ ಮುಂದೆ ನಿಲ್ಲುವಾಗ ಬಿಲ್ಲಿಲ್ಲದ ಗ್ರಾಹಕನ ಮಾತಿಗೆ ಬಲ ಕಡಿಮೆ. ಅಂದಹಾಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಮತ್ತು ಸತುವಿನ ಮಾತ್ರೆ ಉಚಿತವಾಗಿಯೇ ದೊರೆಯುತ್ತವೆ.

ಭಾಷೆಯ ಮಾತು ಉಳಿಯಿತು. ಆಹಾರ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ನಿಯಮಕ್ಕೆ ಸಾಕು, ಇತರ ಭಾಷೆಗಳು ತಯಾರಕರ ಇಚ್ಛೆಗೆ ಬಿಟ್ಟವು. ಆರೋಗ್ಯ ಕೇಂದ್ರದ ಭಿತ್ತಿಪತ್ರ, ಮಗುವಿನ ಆರೋಗ್ಯ ಪುಸ್ತಕ ಮಲಯಾಳದಲ್ಲಿರುತ್ತವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಅಜ್ಜಿಗೆ ಮಲಯಾಳ ಮಾತು ಅರ್ಥವಾದೀತು, ಅಕ್ಷರ ಬಾರದು. ಪೊಟ್ಟಣಕ್ಕೆ ಎಷ್ಟು ನೀರು ಎಂಬ ಒಂದು ಸಾಲನ್ನು ಓದಲಾರದ ಮನೆಯಲ್ಲಿ ಮದ್ದೇ ಅಪಾಯವಾಗಬಹುದು. ಮಗುವಿನ ಸ್ಥಿತಿ ಬಿಗಡಾಯಿಸಿದರೆ ನಮ್ಮಲ್ಲಿ ಹಲವರು ಓಡುವುದು ತಲಪಾಡಿ ದಾಟಿ ಮಂಗಳೂರಿಗೆ. 2020ರ ಲಾಕ್‌ಡೌನಿನಲ್ಲಿ ಆ ದಾರಿಗೆ ಮಣ್ಣು ಸುರಿದಾಗ ಪ್ರಕರಣ ಉಚ್ಚ ನ್ಯಾಯಾಲಯವನ್ನು ಏರಬೇಕಾಯಿತು. ಹೋಗುವಾಗ ಇಲ್ಲಿನ ಚೀಟಿಗಳು, ಲಸಿಕೆಯ ಕಾರ್ಡು, ತೂಕದ ದಾಖಲೆ ಕೈಯಲ್ಲಿರಲಿ. ಲಸಿಕೆಯೆಂದಾಗ ನೆನಪಾಯಿತು: ತೀವ್ರ ಭೇದಿಯ ದೊಡ್ಡ ಕಾರಣವಾದ ರೋಟಾ ವೈರಸ್ಸಿನ ಲಸಿಕೆ 6, 10 ಮತ್ತು 14 ವಾರಗಳಲ್ಲಿ ಸರಕಾರದಿಂದಲೇ ಉಚಿತ.

ಭಿತ್ತಿಪತ್ರ ಕನ್ನಡದಲ್ಲಿ ಬೇಕೆಂದು ಕೇಳಲು ದೊಡ್ಡ ಚಳವಳಿಯೇನೂ ಬೇಕಿಲ್ಲ. 1969ರ ಕೇರಳ ಅಧಿಕೃತ ಭಾಷೆಗಳ ಅಧಿನಿಯಮವು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ, ಇಲಾಖಾ ಮುಖ್ಯಸ್ಥರೊಡನೆ ಹಾಗೂ ತಮ್ಮ ಪ್ರದೇಶದ ಕಚೇರಿಗಳೊಡನೆ ವ್ಯವಹರಿಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದೂ ಹೇಳುತ್ತದೆ. ಸಂವಿಧಾನದ 350ನೆಯ ಅನುಚ್ಛೇದದ ಬೆಂಬಲ ಬೇರೆ ಇದೆ. ಕುಟುಂಬ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಹೆಸರಿಗೆ ಒಂದು, ಜಿಲ್ಲಾ ವೈದ್ಯಾಧಿಕಾರಿಗೆ ಒಂದು ಪ್ರತಿ, ಕನ್ನಡದಲ್ಲಿಯೇ ಬರೆದು, ಮೂರನೆಯ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿರಿ. ಓಆರ್‌ಎಸ್ ಕಲಸುವ ಕ್ರಮ, ಸತುವಿನ 14 ದಿನ, ಅಪಾಯದ ಲಕ್ಷಣಗಳು: ಈ ಮೂರು ವಿಷಯಗಳನ್ನು ಅರ್ಜಿಯಲ್ಲಿ ಹೆಸರಿಸಿದರೆ ಒಳ್ಳೆಯದು. ಅರ್ಜಿ ಮಳೆಗಾಲಕ್ಕೆ ಮೊದಲು ತಲುಪಲಿ. ಬಾವಿಯ ನೀರು ಕದಡುವ ತಿಂಗಳುಗಳವು.