ವಿದ್ಯಾರ್ಥಿವಾರು ದೀರ್ಘಾವಧಿ ದತ್ತಾಂಶ ವ್ಯವಸ್ಥೆ: ಕರ್ನಾಟಕದ ಪ್ರಗತಿಯ ಒಂದು ಅವಲೋಕನ

ಒಂದನೇ ತರಗತಿಗೆ ಸೇರಿದ ಮಗುವು ಮುಂದಿನ ಪ್ರತಿ ವರ್ಷ ಯಾವ ಶಾಲೆಯಲ್ಲಿ, ಯಾವ ತರಗತಿಯಲ್ಲಿ ಓದಿತು, ಏನನ್ನು ಕಲಿಯಿತು, ಶಾಲೆ ಬಿಟ್ಟಿದ್ದಲ್ಲಿ ಯಾವಾಗ ಬಿಟ್ಟಿತು ಎಂಬ ವಿವರಗಳನ್ನು ಒಂದೇ ಗುರುತಿನ ಸಂಖ್ಯೆಯಡಿ ದಾಖಲಿಸುವ ಏರ್ಪಾಡಿಗೆ ವಿದ್ಯಾರ್ಥಿವಾರು ದೀರ್ಘಾವಧಿ ದತ್ತಾಂಶ ವ್ಯವಸ್ಥೆ ಎನ್ನಲಾಗುತ್ತದೆ. ವರ್ಗಾವಣೆ ಪತ್ರ, ವಿದ್ಯಾರ್ಥಿವೇತನ, ಪರೀಕ್ಷಾ ನೋಂದಣಿ ಮುಂತಾದ ಸೇವೆಗಳು ಈ ದಾಖಲೆಯನ್ನೇ ಅವಲಂಬಿಸಿರುವುದರಿಂದ, ರಾಜ್ಯದಲ್ಲಿ ಸದರಿ ವ್ಯವಸ್ಥೆಯ ಸ್ಥಿತಿಗತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ಪರಿಶೀಲಿಸಲಾಗಿದೆ.

1. ಹಿನ್ನೆಲೆ

ದೇಶದಲ್ಲಿ ಶಾಲಾ ಅಂಕಿಅಂಶಗಳ ಗಣಕೀಕರಣವು 1990ರ ದಶಕದ ಮಧ್ಯಭಾಗದಲ್ಲಿ ‘ಡೈಸ್’ ವ್ಯವಸ್ಥೆಯಿಂದ ಆರಂಭವಾಯಿತು. 2012-13ರಲ್ಲಿ ಪ್ರಾಥಮಿಕ ಹಾಗೂ ಪ್ರೌಢ ಹಂತಗಳನ್ನು ಒಗ್ಗೂಡಿಸಿ ‘ಯು-ಡೈಸ್’ ರೂಪಿಸಲಾಯಿತು. ಇವೆರಡರಲ್ಲಿಯೂ ಎಣಿಕೆಯ ಘಟಕ ಶಾಲೆಯೇ ಆಗಿತ್ತು. ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂಬುದು ತಿಳಿಯುತ್ತಿತ್ತೇ ಹೊರತು, ಕಳೆದ ವರ್ಷ ನಾಲ್ಕರಲ್ಲಿದ್ದ ಮಗುವೇ ಈ ವರ್ಷ ಐದರಲ್ಲಿದೆಯೇ ಎಂಬುದು ತಿಳಿಯುತ್ತಿರಲಿಲ್ಲ.

ಕರ್ನಾಟಕದಲ್ಲಿ ಈ ಕೊರತೆಯನ್ನು ನೀಗಲು ಪ್ರತಿ ವಿದ್ಯಾರ್ಥಿಗೂ ಸಂಖ್ಯೆ ನೀಡುವ ‘ಸ್ಯಾಟ್ಸ್’ ತಂತ್ರಾಂಶವನ್ನು ಜಾರಿಗೊಳಿಸಲಾಯಿತು. 2022-23ನೇ ಸಾಲಿನಿಂದ ರಾಷ್ಟ್ರಮಟ್ಟದ ‘ಯು-ಡೈಸ್ ಪ್ಲಸ್’ ಸಹ ವಿದ್ಯಾರ್ಥಿವಾರು ವಿವರ ಪಡೆಯಲಾರಂಭಿಸಿತು. ಇದರೊಂದಿಗೆ 12 ಅಂಕಿಗಳ ‘ಅಪಾರ್’ ಗುರುತಿನ ಸಂಖ್ಯೆಯೂ ಸೇರಿಕೊಂಡಿದೆ.

2. ದಾಖಲಾತಿ ಇಳಿಕೆಯ ಅರ್ಥ

ಯು-ಡೈಸ್ ಪ್ಲಸ್ ಪ್ರಕಾರ ಪೂರ್ವ ಪ್ರಾಥಮಿಕವೂ ಸೇರಿ ದೇಶದ ಒಟ್ಟು ದಾಖಲಾತಿಯು 2021-22ರಲ್ಲಿ 26 ಕೋಟಿಗೂ ಹೆಚ್ಚಿದ್ದು, 2023-24ರಲ್ಲಿ ಸುಮಾರು 24.8 ಕೋಟಿಗೆ ಇಳಿಯಿತು. ಒಂದು ಕೋಟಿಗೂ ಮಿಕ್ಕಿದ ಈ ವ್ಯತ್ಯಾಸವೆಲ್ಲ ಶಾಲೆ ಬಿಟ್ಟ ಮಕ್ಕಳದೆಂದು ಭಾವಿಸುವುದು ಸರಿಯಲ್ಲ. ಎರಡು ಶಾಲೆಗಳ ಹಾಜರಿ ಪುಸ್ತಕಗಳಲ್ಲಿದ್ದ ಒಂದೇ ಮಗುವಿನ ಹೆಸರು ಹೊಸ ಎಣಿಕೆಯಲ್ಲಿ ಒಮ್ಮೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಣಿಕೆಯ ವಿಧಾನವೇ ಬದಲಾಗಿರುವುದರಿಂದ ಹಿಂದಿನ ವರ್ಷಗಳೊಡನೆ ನೇರ ಹೋಲಿಕೆ ಸಾಧುವಲ್ಲ. ಆದರೆ ಇಳಿಕೆಯೆಲ್ಲವೂ ನಕಲಿ ಹೆಸರುಗಳೇ ಎಂದು ಸಮಾಧಾನಪಡುವಂತೆಯೂ ಇಲ್ಲ. ಪಟ್ಟಿಯಿಂದ ಹೊರಬಿದ್ದ ಪ್ರತಿ ಹೆಸರಿನ ಹಿಂದೆ ಮಗು ಇತ್ತೇ, ಇದ್ದರೆ ಈಗ ಎಲ್ಲಿದೆ ಎಂಬುದಕ್ಕೆ ಉತ್ತರ ದೊರೆತಾಗ ಮಾತ್ರ ಆ ಇಳಿಕೆಯ ಅರ್ಥ ಸ್ಪಷ್ಟವಾಗುತ್ತದೆ.

3. ಸಾಧನೆಗಳು

ಇಂತಹ ವ್ಯವಸ್ಥೆಗಳನ್ನು ಅಳೆಯಲು ಅಮೆರಿಕದಲ್ಲಿ 2005ರಲ್ಲಿ ಹತ್ತು ಅಂಶಗಳ ಮಾನದಂಡವೊಂದನ್ನು ರೂಪಿಸಲಾಗಿತ್ತು. ರಾಜ್ಯವ್ಯಾಪಿ ಗುರುತಿನ ಸಂಖ್ಯೆ, ವರ್ಷದಿಂದ ವರ್ಷಕ್ಕೆ ಫಲಿತಾಂಶಗಳ ಜೋಡಣೆ, ಶಾಲೆ ಬಿಟ್ಟವರ ವಿವರ, ಉನ್ನತ ಶಿಕ್ಷಣದೊಡನೆ ಸಂಪರ್ಕ, ದತ್ತಾಂಶದ ತಪಾಸಣೆ ಇವು ಅದರಲ್ಲಿ ಪ್ರಮುಖವಾದವು.

ಈ ಪೈಕಿ ಮೊದಲನೆಯ ಅಂಶದಲ್ಲಿ ಕರ್ನಾಟಕದ ಸಾಧನೆ ಗಣನೀಯವಾದುದು. ಸ್ಯಾಟ್ಸ್ ಸಂಖ್ಯೆಯು ವರ್ಗಾವಣೆ ಪತ್ರ, ಎಸ್.ಎಸ್.ಎಲ್.ಸಿ. ನೋಂದಣಿ ಹಾಗೂ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೆಟ್ರಿಕ್ ಪೂರ್ವ ಅರ್ಜಿಗಳಿಗೆ ಆಧಾರವಾಗಿದೆ.

4. ಕೊರತೆಗಳು

(ಅ) ಶಾಲೆ ಬದಲಾವಣೆ: ಮಗು ಶಾಲೆ ಬಿಟ್ಟಾಗ ಯು-ಡೈಸ್ ಪ್ಲಸ್‌ನಲ್ಲಿ ಅದರ ಹೆಸರನ್ನು ‘ಡ್ರಾಪ್ ಬಾಕ್ಸ್’ಗೆ ಹಾಕಲಾಗುತ್ತದೆ, ಹೊಸ ಶಾಲೆಯು ಅಲ್ಲಿಂದ ಪಡೆದುಕೊಳ್ಳಬೇಕು. ಪಡೆಯುವವರಿಲ್ಲದಿದ್ದರೆ ಹೆಸರು ಅಲ್ಲಿಯೇ ಉಳಿಯುತ್ತದೆ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಗೋವಾ, ಮಹಾರಾಷ್ಟ್ರಗಳಿಗೆ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕಾಮಗಾರಿಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಹೀಗೆ ಎರಡು ಶಾಲೆಗಳ ನಡುವೆ ಕಣ್ಮರೆಯಾಗುವ ಸಂಭವ ಹೆಚ್ಚು. ಸ್ಯಾಟ್ಸ್ ರಾಜ್ಯದ ವ್ಯವಸ್ಥೆಯಾದುದರಿಂದ ಗಡಿ ದಾಟಿದ ಮಗುವಿಗೆ ರಾಷ್ಟ್ರಮಟ್ಟದ ದಾಖಲೆಯೊಂದೇ ಆಸರೆ.

(ಆ) ಎರಡು ದಾಖಲೆಗಳು: ಸ್ಯಾಟ್ಸ್‌ನಲ್ಲಿ ಒಂದು ಬಗೆ, ಆಧಾರ್ ಅಥವಾ ಯು-ಡೈಸ್ ಪ್ಲಸ್‌ನಲ್ಲಿ ಮತ್ತೊಂದು ಬಗೆ ಹೆಸರು, ಜನ್ಮದಿನಾಂಕ ನಮೂದಾಗಿದ್ದರೆ ಅರ್ಜಿಯು ತಡೆಹಿಡಿಯಲ್ಪಡಬಹುದು. ತಂದೆಯ ಹೆಸರು, ಊರಿನ ಹೆಸರು ಹಾಗೂ ಇನಿಷಿಯಲ್ ಬರೆಯುವ ಕ್ರಮ ಮನೆಯಿಂದ ಮನೆಗೆ ಬೇರೆಯಾಗಿರುವ ನಾಡಿನಲ್ಲಿ ಇದು ಸಣ್ಣ ತೊಡಕಲ್ಲ.

(ಇ) ಕಲಿಕೆಯ ಜಾಡು: 2017 ಮತ್ತು 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳು ಮಾದರಿ ಸಮೀಕ್ಷೆಗಳು. ಅವು ರಾಜ್ಯದ, ಜಿಲ್ಲೆಯ ಸ್ಥಿತಿಯನ್ನು ತೋರಿಸುತ್ತವೆ; ಮೂರನೇ ತರಗತಿಯಲ್ಲಿ ಹಿಂದುಳಿದ ಮಗು ಎಂಟರ ಹೊತ್ತಿಗೆ ಚೇತರಿಸಿಕೊಂಡಿತೇ ಎಂಬುದನ್ನು ತೋರಿಸಲಾರವು.

ಆದುದರಿಂದ ನೀಡಿದ ಸಂಖ್ಯೆಗಳ ಲೆಕ್ಕದಿಂದ ಪ್ರಗತಿಯನ್ನು ಅಳೆಯುವುದು ಅಪೂರ್ಣ. ಕಾಣೆಯಾದ ಮಗುವನ್ನು ಎಷ್ಟು ಬೇಗ ಗುರುತಿಸಿ ಮರಳಿ ಶಾಲೆಗೆ ತರಲಾಯಿತು, ತಪ್ಪು ನಮೂದನ್ನು ಎಷ್ಟು ದಿನಗಳಲ್ಲಿ ಸರಿಪಡಿಸಲಾಯಿತು ಎಂಬುದೇ ನಿಜವಾದ ಅಳತೆಗೋಲು.

5. ಪೋಷಕರು ಹಾಗೂ ಅರ್ಜಿದಾರರು ಗಮನಿಸತಕ್ಕ ಅಂಶಗಳು

* ಶಿಕ್ಷಣ ಹಕ್ಕು ಕಾಯ್ದೆ, 2009ರ 5ನೇ ಪ್ರಕರಣದನ್ವಯ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶವನ್ನು ವಿಳಂಬಿಸುವಂತಿಲ್ಲ, ನಿರಾಕರಿಸುವಂತಿಲ್ಲ. ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ.
* ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವುದನ್ನು ಅದೇ ಕಾಯ್ದೆಯ 14ನೇ ಪ್ರಕರಣವು ನಿಷೇಧಿಸಿದೆ.
* ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ನೀಡಿದ ತೀರ್ಪಿನಂತೆ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ. ಆಧಾರ್ ಇಲ್ಲವೆಂದು ಮಗುವಿಗೆ ಯೋಜನೆಯ ಸೌಲಭ್ಯ ತಪ್ಪಿಸುವಂತಿಲ್ಲ.
* ಅಪಾರ್ ಸಂಖ್ಯೆಗೆ ಪೋಷಕರ ಒಪ್ಪಿಗೆ ಅಗತ್ಯ. ಒಪ್ಪಿಗೆ ಪತ್ರವನ್ನು ಪೂರ್ಣವಾಗಿ ಓದಿದ ನಂತರವೇ ಸಹಿ ಮಾಡುವುದು.
* ಮಗುವಿನ ಹೆಸರು, ಜನ್ಮದಿನಾಂಕ, ತಂದೆ-ತಾಯಿಯ ಹೆಸರುಗಳನ್ನು ಪ್ರತಿ ವರ್ಷ ಶಾಲೆಯಲ್ಲಿ ಪರಿಶೀಲಿಸಿಕೊಳ್ಳುವುದು. ತಪ್ಪಿದ್ದಲ್ಲಿ ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮುದ್ರಣವಾಗುವ ಮುನ್ನವೇ ತಿದ್ದುಪಡಿ ಮಾಡಿಸಿಕೊಳ್ಳುವುದು ಸೂಕ್ತ.
* ಊರು ಬಿಡುವ ಕುಟುಂಬಗಳು ಮಗುವಿನ ಸ್ಯಾಟ್ಸ್ ಸಂಖ್ಯೆ ಹಾಗೂ ಶಾಲೆಯ 11 ಅಂಕಿಗಳ ಯು-ಡೈಸ್ ಸಂಕೇತವನ್ನು ಬರೆದಿಟ್ಟುಕೊಳ್ಳುವುದು. ಹೊಸ ಶಾಲೆಗೆ ಇವನ್ನು ತಿಳಿಸಿದಲ್ಲಿ ಹಳೆಯ ದಾಖಲೆಯು ಮುಂದುವರಿಯುವುದು. ಮಗುವಿನ ಹೆಸರಿನಲ್ಲಿ ಮತ್ತೊಂದು ಸಂಖ್ಯೆ ಸೃಷ್ಟಿಯಾಗುವುದು ತಪ್ಪುವುದು.