ಅಪಸ್ಮಾರವೂ ನಿಂಬೆಯ ಹುಳಿಯೂ



ಬಹು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಬಾಲಕನೊಬ್ಬನು ಮೂರ್ಛೆರೋಗದಿಂದ ನೆಲಕ್ಕುರುಳಿದನು. ಯಾರೋ ಅವನ ಕೈಯಲ್ಲಿ ಬೀಗದ ಕೈಗಳ ಗೊಂಚಲನ್ನಿರಿಸಿದರು. ನಾನು ಬಾಯಿಗೆ ನಿಂಬೆಯ ರಸವನ್ನು ಹಿಂಡಿದೆನು. ಉಸಿರು ಸಿಕ್ಕಿ ಅವನು ಪಟ್ಟ ಸಂಕಟವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಆ ಹುಳಿಗೂ ಈ ರೋಗಕ್ಕೂ ಸಂಬಂಧವುಂಟೆಂಬುದನ್ನು ನಾನು ಅರಿತದ್ದು ನಿವೃತ್ತನಾದ ಮೇಲೆ. ಆದರೆ ಅದು ಬಾಯಿಗೆ ಹಿಂಡುವುದರಿಂದ ಫಲಿಸುವ ಸಂಬಂಧವಲ್ಲ.

ನಿಂಬೆಗೆ ಹುಳಿಯನ್ನು ಕೊಡುವ ಸಿಟ್ರಿಕ್ ಆಮ್ಲವು ನಮ್ಮ ಜೀವಕೋಶಗಳಲ್ಲಿಯೂ ಹುಟ್ಟುತ್ತದೆ. ಅನ್ನದ ಸಾರವು ಈ ರೂಪವನ್ನು ತಾಳಿ, ಒಂದಾದ ಮೇಲೊಂದು ಪರಿವರ್ತನೆಯನ್ನು ಹೊಂದುತ್ತ ಶಕ್ತಿಯನ್ನು ಕೊಡುವ ಚಕ್ರವನ್ನು 1937ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹಾನ್ಸ್ ಕ್ರೆಬ್ಸ್ ಅವರು ಕಂಡುಹಿಡಿದರು. ಮಿದುಳಿನಲ್ಲಿ ನರಗಳನ್ನು ಕೆರಳಿಸುವ ಗ್ಲುಟಮೇಟೂ, ಅವನ್ನು ಶಮನಗೊಳಿಸುವ ಗಾಬಾ ಎಂಬ ದ್ರವ್ಯವೂ ಈ ಚಕ್ರದಿಂದಲೇ ಒದಗುತ್ತವೆ. ಚಕ್ರವು ಕುಂಟಿದರೆ ಶಕ್ತಿಯೂ ಕುಂದಬಹುದು, ಸಮತೋಲವೂ ಕೆಡಬಹುದು.

2014ರಲ್ಲಿ ಬೆಳಕಿಗೆ ಬಂದ ರೋಗವೊಂದು ಇದಕ್ಕೆ ನಿದರ್ಶನ. ರಕ್ತದ ಸಿಟ್ರೇಟನ್ನು ಜೀವಕೋಶದೊಳಕ್ಕೆ ಬಿಡುವ ಬಾಗಿಲೊಂದುಂಟು. ಅದನ್ನು ರಚಿಸುವ ಎಸ್‌ಎಲ್‌ಸಿ13ಎ5 ಎಂಬ ವಂಶವಾಹಿಯು ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತವಾಗಿ ಬಂದರೆ, ಶಿಶುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಸೆಳೆತಗಳು ಆರಂಭವಾಗುತ್ತವೆ. ಅನೇಕ ವೇಳೆ ಔಷಧಗಳಿಗೆ ಅವು ಬಗ್ಗುವುದಿಲ್ಲ. ರಕ್ತದಲ್ಲಿ ಸಿಟ್ರೇಟು ಅಧಿಕವಾಗಿಯೇ ಇರುತ್ತದೆ. ಕೆರೆ ತುಂಬಿದ್ದರೂ ತೂಬು ತೆರೆಯದಿದ್ದರೆ ಗದ್ದೆಗೆ ನೀರೆಲ್ಲಿಯದು?

ಯೋಗ್ಯವಾದ ಎರಡು ಔಷಧಗಳನ್ನು ಕ್ರಮವಾಗಿ ಸೇವಿಸಿಯೂ ಮೂರ್ಛೆಯು ನಿಲ್ಲದಿದ್ದರೆ, ವೈದ್ಯರು ಅದನ್ನು ಔಷಧಕ್ಕೆ ಮಣಿಯದ ಅಪಸ್ಮಾರವೆನ್ನುವರು. ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಇಂತಹವರು. ಇವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯುಂಟು, ಪಥ್ಯವೂ ಉಂಟು. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅವರು ಪಿಷ್ಟ ಸಕ್ಕರೆಗಳನ್ನು ಬಹಳ ತಗ್ಗಿಸಿ ಜಿಡ್ಡನ್ನು ಹೆಚ್ಚಿಸುವ ಆಹಾರವನ್ನು ಸೂಚಿಸಿದರು. ಆಗ ಯಕೃತ್ತು ಜಿಡ್ಡಿನಿಂದ ಕೀಟೋನುಗಳನ್ನು ಮಾಡುತ್ತದೆ. ಅವು ಸಕ್ಕರೆಗೆ ಬದಲಾಗಿ ಅದೇ ಚಕ್ರಕ್ಕೆ ಇಂಧನವಾಗುತ್ತವೆ. 2008ರಲ್ಲಿ ಪ್ರಕಟವಾದ ಲಂಡನ್ನಿನ ಪರೀಕ್ಷೆಯಲ್ಲಿ, ಮೂರು ತಿಂಗಳ ತರುವಾಯ, ಈ ಪಥ್ಯದಲ್ಲಿದ್ದ ಮಕ್ಕಳ ಪೈಕಿ ನೂರಕ್ಕೆ 38 ಮಂದಿಗೆ ಮೂರ್ಛೆಗಳು ಅರ್ಧಕ್ಕಿಂತಲೂ ಹೆಚ್ಚು ಇಳಿದಿದ್ದವು. ಪಥ್ಯವಿಲ್ಲದವರಲ್ಲಿ ನೂರಕ್ಕೆ 6 ಮಂದಿಗೆ ಮಾತ್ರ. ಆದರೆ ವೈದ್ಯರ ಪರೀಕ್ಷೆಯಿಲ್ಲದೆ ಇದನ್ನು ಮನೆಯಲ್ಲಿ ಆರಂಭಿಸಕೂಡದು. ಈ ಚಕ್ರಕ್ಕೆ ಸಂಬಂಧಿಸಿದ ಕೆಲವು ದೋಷಗಳಿರುವವರಿಗೆ ಇದೇ ಪಥ್ಯವು ಅಪಾಯಕರ.

ಅಪಸ್ಮಾರವೆಂದರೆ ಸ್ಮೃತಿಯು ಅಗಲುವುದು. ರೋಗಿಯು ಬಿದ್ದಾಗ ನಮ್ಮ ಸ್ಮೃತಿಯಾದರೂ ನೆಟ್ಟಗಿರಲಿ. ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರವನ್ನು ನೋಡುತ್ತಿರತಕ್ಕದ್ದು. ಐದು ನಿಮಿಷ ಮೀರಿದರೆ ಕೂಡಲೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಔಷಧವು ಫಲಿಸದಿದ್ದರೆ ಅದು ಮಗುವಿನ ಹಠವೂ ಅಲ್ಲ, ತಾಯಿಯ ಪಾಪವೂ ಅಲ್ಲ; ನರರೋಗತಜ್ಞರ ಬಳಿಗೆ ಮತ್ತೊಮ್ಮೆ ಹೋಗಬೇಕೆಂಬ ಸೂಚನೆ. ನಿಂಬೆಯ ಹಣ್ಣು ಅಡಿಗೆಯ ಮನೆಯಲ್ಲಿಯೇ ಇರಲಿ.